ತಪ್ಪಲಿನ ಹೊಲಕ್ಕೆ ಎಷ್ಟು ಅಶ್ವಶಕ್ತಿ ಬೇಕು?

ಕಪ್ಪತಗುಡ್ಡದ ತಪ್ಪಲಿನ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಕಟ್ಟೆಯ ಮೇಲಿನ ಮಾತೆಲ್ಲ ಎತ್ತುಗಳ ಕುರಿತಾಗಿರುತ್ತಿತ್ತು. ಯಾರ ಜೋಡಿ ಎಷ್ಟು ಭಾರ ಎಳೆಯಿತು, ಯಾರ ಎತ್ತು ಕೆಸರಿನಲ್ಲಿ ಕುಸಿಯದೆ ನಿಂತಿತು ಎಂಬುದು ಊರಿನ ಪ್ರತಿಷ್ಠೆಯ ವಿಷಯವಾಗಿತ್ತು. ಈಗ ಆ ಸ್ಥಾನದಲ್ಲಿ ಎಂಜಿನ್ ಬಂದು ಕುಳಿತಿದೆ. ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಟ್ರ್ಯಾಕ್ಟರ್ ಜಗ್ಗುವ ಸ್ಪರ್ಧೆಗಳು, ಟ್ರೇಲರ್ ಕಟ್ಟಿಕೊಂಡು ಹಿಮ್ಮುಖವಾಗಿ ಓಡಿಸುವ ಸ್ಪರ್ಧೆಗಳು ಸಾವಿರಾರು ಜನರನ್ನು ಸೇರಿಸುತ್ತಿವೆ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ತರುಣರಿಗೂ ನಾಲ್ಕು ಸಿಲಿಂಡರ್, ಟರ್ಬೊ, ಅರವತ್ತು ಎಪ್ಪತ್ತು ಅಶ್ವಶಕ್ತಿ ಎಂಬ ಶಬ್ದಗಳು ಬೀಜದ ತಳಿಗಳ ಹೆಸರಿನಷ್ಟೇ ಪರಿಚಿತವಾಗಿವೆ. ಇದ್ದ ಎಂಜಿನ್ನಿಗೆ ಹೊರಗಿನಿಂದ ಟರ್ಬೊ ಕೂಡಿಸುವುದು, ಇಂಧನ ಪಂಪಿನ ತಿರುಪನ್ನು ತಿರುವಿ ಡೀಸೆಲ್ ಹೆಚ್ಚು ಹರಿಯುವಂತೆ ಮಾಡುವುದು, ಹಳೆಯ ಜೀಪು ಕಾರುಗಳ ಎಂಜಿನ್ನನ್ನು ಬಿಚ್ಚಿ ದುಪ್ಪಟ್ಟು ಶಕ್ತಿಗೆ ಏರಿಸುವ ಕನಸು ಕಾಣುವುದು, ಇವೆಲ್ಲ ಒಂದೇ ಹಂಬಲದ ಬೇರೆ ಬೇರೆ ರೂಪಗಳು.

ಈ ಹಂಬಲವನ್ನು ಹಗುರಾಗಿ ತಳ್ಳಿಹಾಕುವುದು ಸರಿಯಲ್ಲ. ಯಂತ್ರದ ಒಳಗನ್ನು ತಿಳಿಯಬೇಕೆಂಬ ಕುತೂಹಲ ತರುಣರಲ್ಲಿ ಇರಬೇಕಾದದ್ದೇ. ಆದರೆ ದಿನನಿತ್ಯ ದುಡಿಯಬೇಕಾದ ಎಂಜಿನ್ನನ್ನು ಜಾತ್ರೆಯ ಒಂದು ಗಳಿಗೆಯ ಅಳತೆಗೆ ಕಟ್ಟಹೊರಟಾಗ ಅದರ ಬೆಲೆಯನ್ನು ಮನೆಯ ಲೆಕ್ಕದ ಪುಸ್ತಕ, ಹೊಲದ ಮಣ್ಣು, ಗುಡ್ಡದ ಗಾಳಿ ಮೂರೂ ತೆರಬೇಕಾಗುತ್ತದೆ. ಆದ್ದರಿಂದ ಎಂಜಿನ್ನಿನ ಯೋಜನೆಯೂ ಪರಿಸರದ ಪ್ರಶ್ನೆಯೇ ಆಗಿದೆ.

ಅಶ್ವಶಕ್ತಿ ಎಂಬ ಅಳತೆ

ಸುಮಾರು 75 ಕಿಲೋಗ್ರಾಂ ಭಾರವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಎತ್ತರಕ್ಕೆ ಏರಿಸುವ ಸಾಮರ್ಥ್ಯವೇ ಒಂದು ಅಶ್ವಶಕ್ತಿ. ಉಗಿಯಂತ್ರಗಳ ಕಾಲದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ವಾಟ್, ತನ್ನ ಯಂತ್ರ ಎಷ್ಟು ಕುದುರೆಗಳ ಕೆಲಸ ಮಾಡಬಲ್ಲದೆಂದು ಗಿರಾಕಿಗಳಿಗೆ ತಿಳಿಸಲು ಈ ಅಳತೆಯನ್ನು ಬಳಕೆಗೆ ತಂದನು. ಇಂದಿನ ಲೆಕ್ಕದಲ್ಲಿ ಅದು 746 ವ್ಯಾಟ್. ಒಳ್ಳೆಯ ಮೈಕಟ್ಟಿನ ಒಂದು ಜೋಡಿ ಎತ್ತು ಗಂಟೆಗೆ ಎರಡೂವರೆ ಮೂರು ಕಿಲೋಮೀಟರ್ ವೇಗದಲ್ಲಿ ದಿನವಿಡೀ ಎಳೆಯುವಾಗ ನೀಡುವ ಶಕ್ತಿ ಹೆಚ್ಚುಕಡಿಮೆ ಒಂದು ಅಶ್ವಶಕ್ತಿ. ಅಷ್ಟರಲ್ಲಿಯೇ ತಲೆತಲಾಂತರದಿಂದ ಈ ಭಾಗದ ಎರೆಭೂಮಿಯನ್ನು ಕುಂಟೆಯಿಂದ ಹರಗಿ, ಕೂರಿಗೆಯಿಂದ ಬಿತ್ತಿ, ಎಡೆಕುಂಟೆ ಹೊಡೆದು ಬೆಳೆ ತೆಗೆಯಲಾಗಿದೆ. ಎತ್ತಿನ ಕಾಲಕ್ಕೆ ಎಲ್ಲರೂ ಹಿಂದಿರುಗಬೇಕೆಂಬುದು ಇದರ ತಾತ್ಪರ್ಯವಲ್ಲ. ಕೆಲಸ ಎಷ್ಟಿದೆ ಎಂದು ಅಳೆದ ನಂತರವೇ ಶಕ್ತಿ ಎಷ್ಟು ಬೇಕೆಂದು ಕೇಳಬೇಕು ಎಂಬುದಷ್ಟೇ ಇಲ್ಲಿನ ಮಾತು.

ಕಾರಿನ ಲೆಕ್ಕ ನೋಡೋಣ. ಸುಮಾರು 1,100 ಕಿಲೋಗ್ರಾಂ ತೂಕದ ಸಣ್ಣ ಕಾರೊಂದು ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಓಡುತ್ತಿರಲು ಗಾಲಿಗಳ ಬಳಿ ಬೇಕಾಗುವುದು ಐದಾರು ಅಶ್ವಶಕ್ತಿ ಮಾತ್ರ. ವೇಗ 100 ಕಿಲೋಮೀಟರಿಗೆ ಏರಿದರೆ ಗಾಳಿಯ ತಡೆ ಹೆಚ್ಚಿ ಅದು ಹದಿನೇಳು ಹದಿನೆಂಟಕ್ಕೆ ಹೋಗುತ್ತದೆ. ಹೊರಡುವಾಗ, ಏರು ಹತ್ತುವಾಗ, ಮುಂದಿನ ವಾಹನವನ್ನು ದಾಟುವಾಗ ಹೆಚ್ಚಿನ ಶಕ್ತಿ ಬೇಕು ನಿಜ. ಆದರೆ ಗದಗಿನಿಂದ ಮುಂಡರಗಿಗೋ ಲಕ್ಷ್ಮೇಶ್ವರಕ್ಕೋ ಹೋಗುವ ದಾರಿಯ ಬಹುಭಾಗದಲ್ಲಿ ಎಂಜಿನ್ ದುಡಿಯುವುದು ಹತ್ತು ಹದಿನೈದು ಅಶ್ವಶಕ್ತಿಯ ಒಳಗೆ. ಅಂಥ ಬಳಕೆಗೆ 250 ಅಶ್ವಶಕ್ತಿಯ ಎಂಜಿನ್ ಕಟ್ಟಿದವನು ಅದರ ಸಾಮರ್ಥ್ಯದ ಇಪ್ಪತ್ತರಲ್ಲಿ ಒಂದು ಭಾಗವನ್ನು ಬಳಸಲು ಉಳಿದ ಹತ್ತೊಂಬತ್ತು ಭಾಗವನ್ನು ದಿನವೂ ಹೊತ್ತು ತಿರುಗುತ್ತಾನೆ.

ಟರ್ಬೊ ಮಾಡುವ ಕೆಲಸ

ಎಂಜಿನ್ನಿನ ಹೊಗೆಯಲ್ಲಿ ವ್ಯರ್ಥವಾಗುವ ಶಕ್ತಿಯನ್ನು ಹಿಡಿದು, ಅದರಿಂದಲೇ ಒಳಹೋಗುವ ಗಾಳಿಯನ್ನು ಒತ್ತಿ ತುಂಬುವ ವಿಧಾನಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್‌ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. ಡೀಸೆಲ್ಲಿನಲ್ಲಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೆಯ ಒಂದು ಭಾಗ ಮಾತ್ರ ತಿರುಗುವ ದಂಡಕ್ಕೆ ದೊರೆಯುತ್ತದೆ. ಒಂದು ಭಾಗ ತಂಪಿನ ನೀರಿನಲ್ಲಿಯೂ ಇನ್ನೊಂದು ಭಾಗ ಹೊಗೆಯಲ್ಲಿಯೂ ಹೋಗುತ್ತದೆ. ಆ ಹೊಗೆಯ ರಭಸಕ್ಕೆ ಒಂದು ಚಿಕ್ಕ ಚಕ್ರ ನಿಮಿಷಕ್ಕೆ ಲಕ್ಷ ಸುತ್ತು ತಿರುಗುತ್ತದೆ. ಅದೇ ದಂಡದ ಇನ್ನೊಂದು ತುದಿಯ ಚಕ್ರ ಗಾಳಿಯನ್ನು ಒತ್ತುತ್ತದೆ. ಗಾಳಿ ಹೆಚ್ಚು ಒಳಹೋದರೆ ಡೀಸೆಲ್ಲನ್ನೂ ಹೆಚ್ಚು ಸುಡಬಹುದು. 1961ರಲ್ಲಿ ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ ಕಾರ್ಖಾನೆಯಲ್ಲಿಯೇ ಟರ್ಬೊ ಜೋಡಿಸಿದ ಡೀಸೆಲ್ ಟ್ರ್ಯಾಕ್ಟರನ್ನು ಮಾರುಕಟ್ಟೆಗೆ ತಂದಿತು.

ಇಲ್ಲಿಯ ಮುಖ್ಯ ಅಂಶವನ್ನು ಪರಿಸರವಾದಿಗಳೂ ಗಮನಿಸಬೇಕು. ಟರ್ಬೊ ಎಂಬುದು ಹುಟ್ಟಿನಿಂದ ಉಳಿತಾಯದ ಸಾಧನ. ಅದರ ಸಹಾಯದಿಂದ ಸಣ್ಣ ಎಂಜಿನ್ ದೊಡ್ಡದರ ಕೆಲಸವನ್ನು ಕಡಿಮೆ ಇಂಧನದಲ್ಲಿ ಮಾಡಬಲ್ಲದು. 2020ರವರೆಗೆ ಭಾರತದಲ್ಲಿ ತಯಾರಾಗುತ್ತಿದ್ದ ಫಿಯೆಟ್ ಮೂಲದ 1.3 ಲೀಟರ್ ಡೀಸೆಲ್ ಎಂಜಿನ್ ಇದಕ್ಕೆ ಒಳ್ಳೆಯ ನಿದರ್ಶನ. ನಾಲ್ಕು ಸಿಲಿಂಡರ್, 1,248 ಘನ ಸೆಂಟಿಮೀಟರ್, ಟರ್ಬೊ, ಸುಮಾರು 75 ಅಶ್ವಶಕ್ತಿ; ಮಾರುತಿ ಸ್ವಿಫ್ಟ್ ಮೊದಲಾದ ಲಕ್ಷಾಂತರ ಕಾರುಗಳಲ್ಲಿ ಅದು ದಿನನಿತ್ಯ ದುಡಿದಿದೆ. ಅದನ್ನು ಕಟ್ಟಿದವರು ಟರ್ಬೊ ಬಳಸಿದ್ದು ಎಂಜಿನ್ನನ್ನು ಚಿಕ್ಕದಾಗಿಸಲು. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಗದಗಿನಲ್ಲಿ ಗಾಳಿಯ ಒತ್ತಡವೂ ಸೇಕಡಾ ಏಳರಷ್ಟು ಕಡಿಮೆ. ಸಾದಾ ಎಂಜಿನ್ನಿಗಾಗುವ ಆ ನಷ್ಟವನ್ನು ಟರ್ಬೊ ತುಂಬಿಕೊಡುತ್ತದೆ. ಹೀಗೆ ಉಳಿತಾಯಕ್ಕೆ ಹುಟ್ಟಿದ ಸಾಧನವನ್ನು ಮೆರವಣಿಗೆಗೆ ಬಳಸತೊಡಗಿದಾಗ ತೊಂದರೆ ಆರಂಭವಾಗುತ್ತದೆ.

ಯೋಜನೆಯ ಸರಪಳಿ

ಗ್ಯಾರೇಜಿನ ಮಾತಿನಲ್ಲಿ ಎಂಜಿನ್ ಯೋಜನೆ ಎಂದರೆ ದೊಡ್ಡ ಟರ್ಬೊ ಮತ್ತು ಹೆಚ್ಚು ಡೀಸೆಲ್. ನಿಜವಾದ ಯೋಜನೆ ಒಂದು ಸರಪಳಿ. ಅದರ ಒಂದು ಕೊಂಡಿಯನ್ನು ಬಲಪಡಿಸಿದರೆ ಮುಂದಿನ ಕೊಂಡಿ ಹರಿಯುತ್ತದೆ.

ಗಾಳಿಯಿಂದ ಆರಂಭಿಸಬೇಕು. ಹೊರಗಿನ ಗಾಳಿ 35 ಡಿಗ್ರಿ ಇರುವಾಗ ಅದನ್ನು ಎರಡು ಪಟ್ಟು ಒತ್ತಡಕ್ಕೆ ಒತ್ತಿದರೆ ಅದು ಸುಮಾರು 130 ಡಿಗ್ರಿಗೆ ಕಾಯುತ್ತದೆ. ಕಾದ ಗಾಳಿ ಹಿಗ್ಗುವುದರಿಂದ ಒತ್ತಡ ಎರಡು ಪಟ್ಟಾದರೂ ಒಳಸೇರುವ ಗಾಳಿ ಒಂದೂವರೆ ಪಟ್ಟು ಮಾತ್ರ. ನಡುವೆ ಇಂಟರ್‌ಕೂಲರ್ ಇಟ್ಟು 60 ಡಿಗ್ರಿಗೆ ತಂಪು ಮಾಡಿದರೆ ಅದು ಒಂದು ಮುಕ್ಕಾಲು ಪಟ್ಟನ್ನೂ ದಾಟುತ್ತದೆ. ಇಂಟರ್‌ಕೂಲರ್ ಇಲ್ಲದೆ ಟರ್ಬೊ ಮಾತ್ರ ಕೂಡಿಸಿದವನು ತನಗೆ ದೊರೆಯಬೇಕಾದ ಲಾಭದ ದೊಡ್ಡ ಪಾಲನ್ನು ಬಿಸಿಯಲ್ಲಿಯೇ ಕಳೆದುಕೊಳ್ಳುತ್ತಾನೆ.

ಎರಡನೆಯದು ಒತ್ತಡ ಮತ್ತು ಶಾಖ. ಡೀಸೆಲ್ ಎಂಜಿನ್ ಮೊದಲೇ ಗಾಳಿಯನ್ನು ಹದಿನೇಳು ಹದಿನೆಂಟು ಪಟ್ಟು ಕುಗ್ಗಿಸುತ್ತದೆ. ಒತ್ತಿ ತುಂಬಿದ ಗಾಳಿಯನ್ನು ಅಷ್ಟೇ ಕುಗ್ಗಿಸಿದರೆ ಸಿಲಿಂಡರಿನ ಒಳಗಿನ ಒತ್ತಡ ಕಾರ್ಖಾನೆಯವರು ಎಣಿಸಿದ ಮಿತಿಯನ್ನು ಮೀರುತ್ತದೆ. ಹೆಡ್ ಗ್ಯಾಸ್ಕೆಟ್ ಒಡೆಯುವುದು, ಬೇರಿಂಗ್ ಸವೆಯುವುದು, ಕನೆಕ್ಟಿಂಗ್ ರಾಡ್ ಬಾಗುವುದು ಇದರ ಫಲಗಳು. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುವಂಥದ್ದು. ಡೀಸೆಲ್ ಮಿತಿಮೀರಿ ಸುರಿದಾಗ ಹೊಗೆಯ ಉಷ್ಣತೆ ಅದನ್ನೂ ದಾಟಿ ಹೋಗಬಲ್ಲದು. ಜಾತ್ರೆಯ ಕಣದಲ್ಲಿ ಅರ್ಧ ನಿಮಿಷ ಅದನ್ನು ತಾಳಿದ ಎಂಜಿನ್, ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಎಂಟು ಗಂಟೆ ಪಲ್ಟಿ ರಂಟೆ ಎಳೆಯುವಾಗ ತಾಳಲಾರದು.

ಮೂರನೆಯದು ಧೂಳು. ಎರೆಮಣ್ಣಿನ ಸಣ್ಣ ಧೂಳು ಟರ್ಬೊಕ್ಕೆ ಮೊದಲ ಶತ್ರು. ಗಾಳಿ ಹೆಚ್ಚು ಎಳೆದುಕೊಳ್ಳುವ ಎಂಜಿನ್ನಿಗೆ ಅದಕ್ಕೆ ತಕ್ಕಷ್ಟು ದೊಡ್ಡ ಗಾಳಿಸೋಸಕ ಬೇಕು. ಹಳೆಯ ಸೋಸಕವನ್ನೇ ಉಳಿಸಿಕೊಂಡರೆ, ರಬ್ಬರಿನ ಕೊಳವೆಯಲ್ಲಿ ಒಂದು ಸಣ್ಣ ಸೀಳು ಉಳಿದರೂ, ಧೂಳು ಚಕ್ರದ ರೆಕ್ಕೆಗಳನ್ನು ಸವೆಸಿ ಸಿಲಿಂಡರಿಗೆ ಇಳಿಯುತ್ತದೆ.

ನಾಲ್ಕನೆಯದು ಎಣ್ಣೆ. ಲಕ್ಷ ಸುತ್ತು ತಿರುಗುವ ದಂಡ ನಿಂತಿರುವುದು ಎಣ್ಣೆಯ ತೆಳು ಪದರದ ಮೇಲೆ. ಭಾರ ಎಳೆದು ಬಂದ ಕೂಡಲೇ ಚಹಾದಂಗಡಿಯ ಮುಂದೆ ಎಂಜಿನ್ನನ್ನು ಥಟ್ಟನೆ ನಿಲ್ಲಿಸಿದರೆ ಎಣ್ಣೆಯ ಹರಿವು ನಿಲ್ಲುತ್ತದೆ, ಉಳಿದ ಎಣ್ಣೆ ಕಾದ ಲೋಹದಲ್ಲಿ ಸುಟ್ಟು ಕರಿಯಾಗುತ್ತದೆ. ಒಂದೆರಡು ನಿಮಿಷ ನಿಧಾನವಾಗಿ ತಿರುಗಲು ಬಿಟ್ಟು ನಂತರ ನಿಲ್ಲಿಸುವ ರೂಢಿ ಇರಬೇಕು. ಕಾರ್ಖಾನೆಯಿಂದಲೇ ಟರ್ಬೊ ಇರುವ ಟ್ರ್ಯಾಕ್ಟರ್ ಕೊಂಡವರೂ ಇದನ್ನು ಪಾಲಿಸಬೇಕು.

ಐದನೆಯದು, ಎಲ್ಲಕ್ಕಿಂತ ಹೆಚ್ಚಾಗಿ ಮರೆಯಲಾಗುವಂಥದ್ದು, ಎಂಜಿನ್ನಿನ ಆಚೆಗಿನ ಭಾಗಗಳು. ಹೆಚ್ಚಿದ ತಿರುಚುಬಲವನ್ನು ಕ್ಲಚ್ಚು, ಗೇರು, ಹಿಂದಿನ ಅಚ್ಚು ಹೊರಬೇಕು. ಹೆಚ್ಚಿದ ವೇಗವನ್ನು ಬ್ರೇಕು ತಡೆಯಬೇಕು. ಎರಡು ಟ್ರೇಲರ್ ಕಬ್ಬನ್ನು ಎಳೆಯಬಲ್ಲ ಎಂಜಿನ್ ಕಟ್ಟುವುದು ಸುಲಭ. ಇಳಿಜಾರಿನಲ್ಲಿ ಹಿಂದಿನಿಂದ ನೂಕುವ ಬ್ರೇಕಿಲ್ಲದ ಟ್ರೇಲರುಗಳನ್ನು ನಿಲ್ಲಿಸುವುದು ಕಠಿಣ.

ಕೊನೆಯದಾಗಿ ಟರ್ಬೊದ ಗಾತ್ರ. ಹೆಚ್ಚು ಅಶ್ವಶಕ್ತಿಗಾಗಿ ಆರಿಸುವ ದೊಡ್ಡ ಟರ್ಬೊ ಎಂಜಿನ್ ವೇಗವಾಗಿ ತಿರುಗಿದಾಗ ಮಾತ್ರ ಎಚ್ಚರಗೊಳ್ಳುತ್ತದೆ. ದಿನಬಳಕೆಯಲ್ಲಿ ಎಂಜಿನ್ ಹೆಚ್ಚು ಕಾಲ ಕಳೆಯುವುದು ಕಡಿಮೆ ಸುತ್ತಿನಲ್ಲಿ. ಅಲ್ಲಿ ಬೇಕಾದದ್ದು ಬೇಗ ಎಚ್ಚರಗೊಳ್ಳುವ ಚಿಕ್ಕ ಟರ್ಬೊ. ಆದ್ದರಿಂದ ದಿನನಿತ್ಯದ ಎಂಜಿನ್ನನ್ನು ಯೋಜಿಸುವವನು ಗರಿಷ್ಠ ಅಶ್ವಶಕ್ತಿಯ ಅಂಕಿಯನ್ನು ಕೊನೆಗೆ ಬರೆಯಬೇಕು. ಮೊದಲು ಬರೆಯಬೇಕಾದದ್ದು ಎಂಜಿನ್ ದಿನದಲ್ಲಿ ಎಷ್ಟು ಗಂಟೆ, ಯಾವ ವೇಗದಲ್ಲಿ, ಎಷ್ಟು ಭಾರಕ್ಕೆ ದುಡಿಯಲಿದೆ ಎಂಬುದನ್ನು.

ಹೊಲದಲ್ಲಿ ಶಕ್ತಿ ಎಲ್ಲಿಗೆ ಹೋಗುತ್ತದೆ?

ಹೊಲದಲ್ಲಿ ಎಳೆಯುವ ಬಲವನ್ನು ನಿರ್ಧರಿಸುವುದು ಎಂಜಿನ್ ಒಂದೇ ಅಲ್ಲ. ಗಾಲಿಗೂ ಮಣ್ಣಿಗೂ ಇರುವ ಹಿಡಿತವೂ ಅದನ್ನು ನಿರ್ಧರಿಸುತ್ತದೆ. ಸಡಿಲ ಮಣ್ಣಿನಲ್ಲಿ ಟ್ರ್ಯಾಕ್ಟರ್ ತನ್ನ ಹಿಂದಿನ ಗಾಲಿಗಳ ಮೇಲಿನ ಭಾರದ ಹೆಚ್ಚೆಂದರೆ ಅರ್ಧದಷ್ಟು ಬಲದಿಂದ ಎಳೆಯಬಲ್ಲದು. ರಂಟೆಯ ಭಾರವೂ ಸೇರಿ ಹಿಂದಿನ ಗಾಲಿಗಳ ಮೇಲೆ 2,000 ಕಿಲೋಗ್ರಾಂ ಇದ್ದರೆ ಎಳೆತ ಸುಮಾರು 1,000 ಕಿಲೋಗ್ರಾಂ. ಗಂಟೆಗೆ ಐದು ಕಿಲೋಮೀಟರ್ ವೇಗದಲ್ಲಿ ಆ ಎಳೆತಕ್ಕೆ ಬೇಕಾಗುವುದು ಹದಿನೆಂಟು ಅಶ್ವಶಕ್ತಿ. ಗೇರು ಮತ್ತು ಗಾಲಿಗಳಲ್ಲಿ ಆಗುವ ನಷ್ಟವನ್ನು ಸೇರಿಸಿದರೂ ಎಂಜಿನ್ ಸುಮಾರು ಮೂವತ್ತು ಅಶ್ವಶಕ್ತಿ ಕೊಟ್ಟರೆ ಸಾಕು. ನಲವತ್ತೈದು ಅಶ್ವಶಕ್ತಿಯ ಟ್ರ್ಯಾಕ್ಟರಿನಲ್ಲಿ ಅದು ಮೊದಲೇ ಇದೆ.

ಅದೇ ಟ್ರ್ಯಾಕ್ಟರಿನ ಪಂಪನ್ನು ತಿರುವಿ ಅರವತ್ತಕ್ಕೆ ಏರಿಸಿದರೆ ಏನಾಗುತ್ತದೆ? ತೂಕ ಹೆಚ್ಚದಿರುವುದರಿಂದ ಎಳೆತ ಹೆಚ್ಚುವುದಿಲ್ಲ. ಗಾಲಿ ನಿಂತಲ್ಲಿಯೇ ಜಾರುತ್ತದೆ. ಗಾಲಿ ಜಾರುವುದು ಸೇಕಡಾ ಎಂಟರಿಂದ ಹದಿನೈದರ ಒಳಗಿದ್ದರೆ ಸರಿ. ಅದನ್ನು ಮೀರಿದ ಜಾರುವಿಕೆಯಲ್ಲಿ ಟಯರು ಸವೆಯುತ್ತದೆ, ಡೀಸೆಲ್ ಉರಿಯುತ್ತದೆ, ಮೇಲ್ಮಣ್ಣು ಅರೆದಂತಾಗುತ್ತದೆ. ಜಾರುವುದನ್ನು ತಡೆಯಲು ಟಯರಿಗೆ ನೀರು ತುಂಬಿ, ಗಾಲಿಗೆ ಕಬ್ಬಿಣದ ತೂಕ ಕಟ್ಟಿದರೆ ಎಳೆತ ಹೆಚ್ಚುತ್ತದೆ. ಅದರೊಂದಿಗೆ ಮಣ್ಣಿನ ಮೇಲಿನ ಭಾರವೂ ಹೆಚ್ಚುತ್ತದೆ. ಅಚ್ಚಿನ ಮೇಲಿನ ಭಾರ ಹೆಚ್ಚಿದಂತೆ ಮಣ್ಣು ಬಿಗಿಯುವ ಆಳವೂ ಹೆಚ್ಚುತ್ತದೆ. ರಂಟೆ ಮುಟ್ಟದ ಆಳದಲ್ಲಿ ಆದ ಬಿಗಿತವನ್ನು ಬಿಡಿಸುವುದು ಸುಲಭವಲ್ಲ. ಎರೆಭೂಮಿ ಬೇಸಿಗೆಯಲ್ಲಿ ಬಿರಿದು ಮಳೆಯಲ್ಲಿ ಹಿಗ್ಗಿ ತನ್ನನ್ನು ತಾನೇ ಸ್ವಲ್ಪಮಟ್ಟಿಗೆ ಸಡಿಲಿಸಿಕೊಳ್ಳುತ್ತದೆ. ಗುಡ್ಡಕ್ಕೆ ಹತ್ತಿರದ ಮಸಾರಿ ಭೂಮಿಗೆ ಆ ಗುಣವೂ ಇಲ್ಲ.

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಇಲ್ಲಿಯ ಹಿಂಗಾರಿ ಕಡಲೆ, ಬಿಳಿಜೋಳ, ಕುಸುಬೆಗಳು ಬೆಳೆಯುವುದು ಬಿತ್ತಿದ ನಂತರದ ಮಳೆಯಿಂದಲ್ಲ, ಮಣ್ಣು ಒಳಗೆ ಹಿಡಿದಿಟ್ಟ ತೇವದಿಂದ. ಕೆಳಮಣ್ಣು ಬಿಗಿದರೆ ನೀರು ಇಂಗದು, ಬೇರು ಇಳಿಯದು. ರೋಟಾವೇಟರಿನ ವಿಷಯ ಬೇರೆ: ಅಲ್ಲಿ ಎಂಜಿನ್ನಿನ ಶಕ್ತಿ ಗಾಲಿಯ ಮೂಲಕ ಹೋಗದೆ ನೇರವಾಗಿ ಅಲಗುಗಳಿಗೆ ಹೋಗುತ್ತದೆ, ಶಕ್ತಿ ಹೆಚ್ಚಿದಷ್ಟು ಕೆಲಸವೂ ಹೆಚ್ಚುತ್ತದೆ. ಆದರೆ ಹಂಗಾಮಿಗೆ ಎರಡು ಮೂರು ಬಾರಿ ಮಣ್ಣನ್ನು ಹಿಟ್ಟು ಮಾಡಿದರೆ ಮಣ್ಣಿನ ಹರಳುಕಟ್ಟು ಒಡೆದು, ಮೊದಲ ಬಿರುಮಳೆಗೆ ಮೇಲ್ಪದರ ಕೊಚ್ಚಿಹೋಗುತ್ತದೆ. ಟ್ರ್ಯಾಕ್ಟರ್ ಸಗಣಿ ಹಾಕುವುದಿಲ್ಲ ಎಂಬ ಸರಳ ಸತ್ಯವೂ ಇದರ ಜೊತೆಗಿದೆ. ಎತ್ತು ಹೋದ ಹೊಲಕ್ಕೆ ತಿಪ್ಪೆಗೊಬ್ಬರವೂ ಹೋಗುವುದಿಲ್ಲ.

ಹೊಗೆ, ಡೀಸೆಲ್, ಕಾನೂನು

ಕಪ್ಪು ಹೊಗೆ ಶಕ್ತಿಯ ಗುರುತೆಂದು ಜಾತ್ರೆಯಲ್ಲಿ ಚಪ್ಪಾಳೆ ಬೀಳುತ್ತದೆ. ವಾಸ್ತವದಲ್ಲಿ ಅದು ಗಾಳಿ ಸಾಲದೆ ಅರೆಬೆಂದ ಡೀಸೆಲ್. ಹಣ ಕೊಟ್ಟು ಕೊಂಡು ಗಾಳಿಗೆ ತೂರಿದ ಇಂಧನ. ಒಳ್ಳೆಯ ಸ್ಥಿತಿಯ ಡೀಸೆಲ್ ಎಂಜಿನ್ ಒಂದು ಅಶ್ವಶಕ್ತಿಯನ್ನು ಒಂದು ಗಂಟೆ ಕೊಡಲು ಸುಮಾರು ಕಾಲು ಲೀಟರಿಗಿಂತ ತುಸು ಕಡಿಮೆ ಇಂಧನ ಬಳಸುತ್ತದೆ. ಪೂರ್ಣ ಭಾರದಲ್ಲಿ ದುಡಿಯುವ ಐವತ್ತು ಅಶ್ವಶಕ್ತಿಗೆ ಗಂಟೆಗೆ ಹನ್ನೊಂದು ಲೀಟರ್ ಆಯಿತು. ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿ ಸೇರುತ್ತದೆ. ದೊಡ್ಡ ಎಂಜಿನ್ನನ್ನು ಹಗುರ ಕೆಲಸಕ್ಕೆ ಹಚ್ಚಿದಾಗ ಇಂಧನದ ಲೆಕ್ಕ ಇನ್ನೂ ಕೆಡುತ್ತದೆ. ತನ್ನನ್ನು ತಾನು ತಿರುಗಿಸಿಕೊಳ್ಳುವುದಕ್ಕೇ ಅದು ಇಂಧನದ ದೊಡ್ಡ ಪಾಲನ್ನು ತಿನ್ನುತ್ತದೆ.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ದೈನಂದಿನ ಪಟ್ಟಿಗಳಲ್ಲಿ ಗದಗ ಶುದ್ಧ ಗಾಳಿಯ ಊರುಗಳ ಸಾಲಿನಲ್ಲಿ ಹಲವು ಬಾರಿ ಕಾಣಿಸಿಕೊಂಡಿದೆ. ಕಪ್ಪತಗುಡ್ಡದ ಹಸಿರೂ ಅದರ ಮೇಲೆ ಬೀಸುವ ಗಾಳಿಯೂ ಜನರಿಗೆ ಕೊಟ್ಟಿರುವ ಈ ಸಂಪತ್ತಿಗೆ ಯಾವ ಮಾರುಕಟ್ಟೆಯಲ್ಲಿಯೂ ಬೆಲೆ ಕಟ್ಟಲಾಗದು.

ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನಗಳ ಕಾಯ್ದೆಯ 52ನೆಯ ಕಲಮಿನ ಪ್ರಕಾರ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ ಮಾಲೀಕನಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ವಿಧಿಸಬಹುದು. ಐವತ್ತು ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಿಗೆ 2023ರ ಜನವರಿ 1ರಿಂದ ಹೊಗೆಯ ಕಟ್ಟುನಿಟ್ಟಾದ ನಿಯಮಗಳು ಜಾರಿಯಲ್ಲಿವೆ. ಐವತ್ತರ ಒಳಗಿನ ಎಂಜಿನ್ ಕೊಂಡು ಪಂಪು ತಿರುವಿ ಅರವತ್ತಕ್ಕೆ ಏರಿಸುವುದೆಂದರೆ ಈ ನಿಯಮವನ್ನು ಹಿಂಬಾಗಿಲಿನಿಂದ ದಾಟಿದಂತೆ. ಮಾರ್ಪಡಿಸಿದ ವಾಹನ ಅಪಘಾತಕ್ಕೀಡಾದಾಗ ವಿಮೆಯ ಹಣಕ್ಕೂ ತಕರಾರು ಏಳುತ್ತದೆ ಎಂಬುದನ್ನು ಕುಟುಂಬದವರು ಮೊದಲೇ ತಿಳಿದಿರಬೇಕು.

ಗುಡ್ಡದ ಪ್ರಶ್ನೆ

ಹೊಲಕ್ಕೆ ಬೇಡವಾದ ಈ ಶಕ್ತಿಗೆ ಬೇಡಿಕೆ ಎಲ್ಲಿಂದ ಬರುತ್ತದೆ? ಪ್ರತಿಷ್ಠೆಯ ಪಾಲು ಒಂದಿದೆ. ಇನ್ನೊಂದು ಪಾಲು ಸಾಗಾಟದ್ದು. ಕಂತು ತುಂಬಲಾಗದ ಟ್ರ್ಯಾಕ್ಟರ್ ಹೊಲ ಬಿಟ್ಟು ರಸ್ತೆಗಿಳಿಯುತ್ತದೆ. ಗರಸು, ಕಲ್ಲು, ಮರಳು ಹೇರುತ್ತದೆ. ಹೇರು ಹೆಚ್ಚಾದಷ್ಟು ಎಂಜಿನ್ ದೊಡ್ಡದಾಗಬೇಕು. ಎಂಜಿನ್ ದೊಡ್ಡದಾದಷ್ಟು ಕಂತು ಹೆಚ್ಚಬೇಕು. ಕಂತು ಹೆಚ್ಚಿದಷ್ಟು ಮತ್ತೆ ಹೇರಬೇಕು. ಈ ಸುತ್ತಿನಲ್ಲಿ ಕರಗುವುದು ಗುಡ್ಡದ ಕಾಲಬುಡ ಮತ್ತು ತುಂಗಭದ್ರೆಯ ಒಡಲು.

ಇದೇ ಜನ ಈ ಗುಡ್ಡವನ್ನು ಉಳಿಸಿಕೊಂಡವರು ಎಂಬುದನ್ನು ಮರೆಯಬಾರದು. 2011ರಲ್ಲಿ ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿಯ ಸುತ್ತ ಪೋಸ್ಕೊ ಉಕ್ಕಿನ ಕಾರ್ಖಾನೆಗೆ ಭೂಮಿ ಕೊಡಲು ರೈತರು ಒಪ್ಪಲಿಲ್ಲ. ತೋಂಟದ ಸಿದ್ಧಲಿಂಗ ಸ್ವಾಮಿಗಳು ಆ ಹೋರಾಟಕ್ಕೆ ಬೆನ್ನೆಲುಬಾಗಿ ನಿಂತರು. ಯೋಜನೆ ಹಿಂದೆ ಸರಿಯಿತು. ಕಪ್ಪತಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಪ್ರದೇಶದ ಸ್ಥಾನವನ್ನು ಸರ್ಕಾರ 2016ರಲ್ಲಿ ಕಿತ್ತುಕೊಂಡಾಗ ಗದಗಿನ ಬೀದಿಗಳಲ್ಲಿ ಜನ ಮತ್ತೆ ಸೇರಿದರು. 2017ರಲ್ಲಿ ಆ ಸ್ಥಾನ ಮರಳಿತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ಪ್ರದೇಶ ವನ್ಯಜೀವಿಧಾಮವಾಯಿತು. ತೋಳ, ಕತ್ತೆಕಿರುಬ, ಕೊಂಡುಕುರಿಗಳು ಓಡಾಡುವ ನೆಲ ಅದು. ಹೊರಗಿನ ಕಂಪನಿಗೆ ಗುಡ್ಡ ಮುಟ್ಟಬೇಡ ಎಂದ ಜನರ ಮನೆಯ ಮುಂದೆಯೇ, ಗುಡ್ಡವನ್ನು ಹೇರಿಕೊಂಡು ಹೋಗದೆ ತೀರಿಸಲಾಗದ ಸಾಲದ ಎಂಜಿನ್ ನಿಲ್ಲುವಂತಾಗಬಾರದು.

ಹದ ತಪ್ಪದಿರಲು

ಇದಕ್ಕೆ ಎದುರಾಗಿ ಬರುವ ವಾದವೂ ಬಲವಾದದ್ದೇ. ಎರೆಭೂಮಿಗೆ ಮಳೆಯ ನಂತರ ಹದ ಇರುವುದು ಮೂರು ನಾಲ್ಕು ದಿನ. ಅಷ್ಟರಲ್ಲಿ ಬಿತ್ತದಿದ್ದರೆ ಹಂಗಾಮು ತಪ್ಪುತ್ತದೆ. ಎತ್ತುಗಳು ಕಡಿಮೆಯಾಗಿವೆ, ಆಳು ಸಿಗುವುದಿಲ್ಲ. ಆದ್ದರಿಂದ ಶಕ್ತಿ ಬೇಕು ಎಂಬುದು ರೈತರ ಮಾತು. ಆದರೆ ಹದದ ದಿನಗಳಲ್ಲಿ ಬೇಕಾದದ್ದು ಪ್ರತಿ ಮನೆಗೊಂದು ದೊಡ್ಡ ಎಂಜಿನ್ ಅಲ್ಲ. ಸಮಯಕ್ಕೆ ಬಂದು ನಿಲ್ಲುವ ಒಂದು ಹದವಾದ ಟ್ರ್ಯಾಕ್ಟರ್ ಮತ್ತು ಸರಿಯಾದ ಕೂರಿಗೆ. ಟ್ರ್ಯಾಕ್ಟರಿನ ಖರ್ಚುವೆಚ್ಚವನ್ನು ಲೆಕ್ಕಹಾಕುವಾಗ ಅದು ವರ್ಷಕ್ಕೆ 1,000 ಗಂಟೆ ದುಡಿಯುತ್ತದೆಂದು ಎಣಿಸುವುದು ಬಹುಕಾಲದ ರೂಢಿ. ಸಾಮಾನ್ಯ ಕಲ್ಟಿವೇಟರ್ ಗಂಟೆಗೆ ಒಂದು ಎಕರೆಗಿಂತ ಹೆಚ್ಚು ಹರಗುತ್ತದೆ. 2015-16ರ ಕೃಷಿ ಗಣತಿಯಂತೆ ಕರ್ನಾಟಕದ ಸರಾಸರಿ ಹಿಡುವಳಿ 1.36 ಹೆಕ್ಟೇರು, ಅಂದರೆ ಮೂರೂವರೆ ಎಕರೆಗಿಂತ ಕಡಿಮೆ. ಅಂಥ ಹಿಡುವಳಿಯಲ್ಲಿ ಸಾವಿರ ಗಂಟೆಯ ಕೆಲಸ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ದೂರದಲ್ಲಿಲ್ಲ. ಬ್ಯೂಕಿ ತನ್ನ ಟರ್ಬೊ ವಿಧಾನಕ್ಕೆ ಪೇಟೆಂಟ್ ಪಡೆದ 1905ರಲ್ಲಿಯೇ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘವನ್ನು ಕಟ್ಟಿದರು. ಒಬ್ಬೊಬ್ಬರಿಗೆ ಆಗದ್ದನ್ನು ಊರು ಸೇರಿ ಮಾಡಬಹುದು ಎಂಬುದು ಈ ನೆಲದ್ದೇ ಶೋಧ. 2014-15ರಲ್ಲಿ ರಾಜ್ಯ ಸರ್ಕಾರ ಆರಂಭಿಸಿದ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರಗಳ ಹಿಂದೆ ಇರುವುದೂ ಅದೇ ವಿಚಾರ. ಹೋಬಳಿಯ ಕೇಂದ್ರ ಹದದ ದಿನ ಕೈಗೆ ಸಿಗುವುದಿಲ್ಲ ಎಂಬ ದೂರಿದ್ದರೆ, ಹತ್ತು ಹದಿನೈದು ಕುಟುಂಬಗಳು ಸೇರಿ ಒಂದು ಟ್ರ್ಯಾಕ್ಟರ್, ಒಂದು ಕೂರಿಗೆ ಇಟ್ಟುಕೊಳ್ಳಬಹುದು. ನಿಜವಾಗಿಯೂ ಟರ್ಬೊ ಇರುವ ದೊಡ್ಡ ಎಂಜಿನ್ ಬೇಕೆನಿಸುವ ಕೆಲಸವಿದ್ದರೆ ಅದು ಊರಿಗೊಂದಿರಲಿ. ಅದಕ್ಕೆ ವರ್ಷಪೂರ್ತಿ ತಕ್ಕ ಕೆಲಸ ಸಿಗಲಿ. ಹೊಂದಿಕೆಯಾದ ಭಾರದಲ್ಲಿ ದುಡಿಯುವ ಟರ್ಬೊ ಎಂಜಿನ್ ಮಾತ್ರವೇ ತನ್ನ ಉಳಿತಾಯದ ಗುಣವನ್ನು ತೋರುತ್ತದೆ.

ತಪ್ಪಲಿನ ಹಳ್ಳಿಗಳು ಈ ವರ್ಷವೇ ಆರಂಭಿಸಬಹುದಾದ ಕೆಲಸಗಳು ಕೆಲವಿವೆ. ಟ್ರ್ಯಾಕ್ಟರ್ ಇರುವ ಪ್ರತಿ ಮನೆಯಲ್ಲಿಯೂ ಒಂದು ವಹಿ ಇರಲಿ. ಯಾವ ಕೆಲಸ, ಎಷ್ಟು ಎಕರೆ, ಎಷ್ಟು ಗಂಟೆ, ಎಷ್ಟು ಲೀಟರ್ ಎಂದು ಬರೆದಿಡಲಿ. ಹೊಸತು ಕೊಳ್ಳುವವರು ಮಾರಾಟಗಾರರ ಮಾತಿಗಿಂತ ಮೊದಲು ಮಧ್ಯಪ್ರದೇಶದ ಬುದ್ನಿಯಲ್ಲಿರುವ ಕೇಂದ್ರ ಸಂಸ್ಥೆಯ ಪರೀಕ್ಷಾ ವರದಿಯನ್ನು ಕೇಳಲಿ; ಎಂಜಿನ್ನಿನ ನಿಜವಾದ ಶಕ್ತಿ, ಇಂಧನದ ಬಳಕೆ ಎರಡೂ ಅದರಲ್ಲಿರುತ್ತವೆ. ಹುಲಕೋಟಿಯ ಕೃಷಿ ವಿಜ್ಞಾನ ಕೇಂದ್ರದಂಥ ಸಂಸ್ಥೆಗಳಲ್ಲಿ ಯಾವ ಮಣ್ಣಿಗೆ ಯಾವ ಉಪಕರಣ, ಎಷ್ಟು ತೂಕ ಎಂಬ ವಿಚಾರಣೆ ನಡೆಯಲಿ. ಪಂಚಾಯತಿಗಳು ಬ್ರೇಕಿಲ್ಲದ ಟ್ರೇಲರುಗಳ ಬಗ್ಗೆ, ಗುಡ್ಡದ ದಾರಿಗಳಲ್ಲಿ ರಾತ್ರಿಯ ಹೇರುಗಳ ಬಗ್ಗೆ ಠರಾವು ಮಾಡಲಿ. ಜಾತ್ರೆಯ ಸಮಿತಿಗಳು ಸ್ಪರ್ಧೆ ಇಡುವುದಾದರೆ, ಒಂದು ಲೀಟರ್ ಡೀಸೆಲ್ಲಿನಲ್ಲಿ ಅತಿ ಹೆಚ್ಚು ನೆಲವನ್ನು ಹದವಾಗಿ ಹರಗಿದವನಿಗೂ ಒಂದು ಬಹುಮಾನ ಇಡಲಿ.

ಗದಗಿನ ಎಂಜಿನಿಯರಿಂಗ್, ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳ ಪಾಲಿನ ಕೆಲಸ ಎಲ್ಲಕ್ಕಿಂತ ದೊಡ್ಡದು. ಎಂಜಿನ್ ಬಿಚ್ಚುವ ಕೈ ಅವರಲ್ಲಿದೆ. ಆ ಕೈಗೆ ಅಳೆಯುವ ಉಪಕರಣವೂ ಬರಲಿ. ಅಪ್ಪನ ಹಳೆಯ ಟ್ರ್ಯಾಕ್ಟರಿನ ಗಾಳಿಸೋಸಕವನ್ನು ಶುಚಿ ಮಾಡಿ, ನಾಜಲ್ಲುಗಳನ್ನು ಪರೀಕ್ಷಿಸಿ, ಪಂಪನ್ನು ಕಾರ್ಖಾನೆಯ ಮಟ್ಟಕ್ಕೆ ಮರಳಿಸಿ, ಟಯರಿನ ಗಾಳಿಯನ್ನು ಹೊಲಕ್ಕೆ ತಕ್ಕಂತೆ ಇಳಿಸಿ, ಎಕರೆಗೆ ಎಷ್ಟು ಡೀಸೆಲ್ ಉಳಿಯಿತೆಂದು ಬರೆದು ತೋರಿಸುವುದು ಯಾವ ಟರ್ಬೊ ಕೂಡಿಸುವುದಕ್ಕಿಂತಲೂ ಕಡಿಮೆ ವಿದ್ಯೆಯ ಕೆಲಸವಲ್ಲ. ಮುಂಗಾರಿಯ ಹೆಸರು ಬಿತ್ತನೆಗೆ ಮೊದಲು ಒಂದು ಊರಿನ ಹತ್ತು ಟ್ರ್ಯಾಕ್ಟರುಗಳನ್ನು ಹೀಗೆ ಅಳೆದರೆ ಆ ಊರಿಗೆ ಎಷ್ಟು ಅಶ್ವಶಕ್ತಿ ಬೇಕೆಂಬುದು ಹಿಂಗಾರಿಯ ಕಡಲೆ ಬಿತ್ತುವಷ್ಟರಲ್ಲಿ ಊರಿಗೇ ತಿಳಿಯುತ್ತದೆ.